ಈ ತಿಂಗಳ ಫೇವರಿಟ್ಸ್

"ಛತ್ರಿ" ಎಂದಳು ಅವಳು, ಎಡಗೈ ಎತ್ತಿ.

ಅವನು ರಿಮೋಟ್ ಒತ್ತಿದ. ಟೀವಿಯಲ್ಲಿ ಹಡಗಿನ ಕ್ಯಾಪ್ಟನ್ ಏನೋ ಹೇಳಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು.

"ನೀರು ಬೇಕಾ?"

"ಛತ್ರಿ."

"ಬಾತ್‌ರೂಮಿಗೆ ಹೋಗ್ಬೇಕಾ? ಸೌಂಡ್ ಜಾಸ್ತಿ ಮಾಡ್ಲಾ?"

"ಛತ್ರಿ, ರೀ!"

ತಾನು ಹೇಳಬೇಕೆಂದುಕೊಂಡದ್ದು ಛತ್ರಿಯಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು. ಹುಬ್ಬು ಗಂಟಿಕ್ಕಿ, ಬಾಯಿಂದ ಹೊರಬಿದ್ದ ಮಾತನ್ನು ಯಾರೋ ತಪ್ಪು ಮನೆಗೆ ತಂದುಕೊಟ್ಟ ಪಾರ್ಸೆಲ್ಲಿನಂತೆ ನೋಡುತ್ತಿದ್ದಳು. ಅವನು ಫ್ಯಾನ್ ನಿಲ್ಲಿಸಿದ, ಮತ್ತೆ ಹಾಕಿದ. ಕಿಟಕಿಯ ಪರದೆ ಎಳೆದ. ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟ. ಅವಳು ದಿಂಬನ್ನು ಕಿತ್ತು ಪಕ್ಕಕ್ಕೆಸೆದಳು. ಕೊನೆಗೆ ಅವಳೇ ಸೋತು, ಹಾಳಾಗಿ ಹೋಗಲಿ ಎನ್ನುವಂತೆ ಟೀವಿಯ ಕಡೆ ಕೈಬೀಸಿದಳು. ಅವನು ಮತ್ತೆ ರಿಮೋಟ್ ಒತ್ತಿದ. ಕ್ಯಾಪ್ಟನ್ ಬಾಯಿ ಮುಚ್ಚಿದಳು.

ಅದು ಹಡಗಿನ ಸರಣಿಯೊಂದರ ಕೊನೆಯ ಸೀಸನ್ನಿನ ಕೊನೆಯ ಕಂತು. ಅದಕ್ಕಾಗಿ ಅವಳು ಕಾದಷ್ಟು ಬಹುಶಃ ಅದನ್ನು ತೆಗೆದವರೂ ಕಾದಿರಲಿಕ್ಕಿಲ್ಲ. ಅವಳಿಗೆ ಹಾಗೆ ಮನಸ್ಸಿಗೆ ಹತ್ತಿದ ಕಥೆಗಳು ಯಾವಾಗಲೂ ಒಂದೆರಡು ಇರುತ್ತಿದ್ದವು. ಅವನಿಗೆ ಕಥೆಗಳ ಹುಚ್ಚಿರಲಿಲ್ಲ, ಸಾಮಾನುಗಳ ಹುಚ್ಚು. ಮೊಬೈಲ್ ರಿಪೇರಿ ಅಂಗಡಿ ಅವನದು. ಹೊಸ ಹೆಡ್‌ಫೋನ್ ಬಂದರೆ ಅದರ ತಿರುಪು ಬಿಚ್ಚಿ ಒಳಗೆ ನೋಡುವವರೆಗೆ ನಿದ್ದೆ ಬರುತ್ತಿರಲಿಲ್ಲ. ಇಬ್ಬರ ಹುಚ್ಚನ್ನೂ ಸೇರಿಸಿ ಅವಳೇ ತಿಂಗಳಿಗೊಂದು ವಿಡಿಯೋ ಶುರು ಮಾಡಿದ್ದಳು. ಅಡುಗೆಮನೆಯ ಮೇಜು, ಒಂದು ಸ್ಟ್ಯಾಂಡು, ಅವಳ ಫೋನು. 'ಈ ತಿಂಗಳ ಫೇವರಿಟ್ಸ್' ಎಂದು ಹೆಸರು. ಅವಳು ನೋಡಿದ ಸರಣಿ, ಕೇಳಿದ ಹಾಡುಗಳ ಬಗ್ಗೆ ಮಾತಾಡುವುದು, ಅವನು ಒಂದು ಗ್ಯಾಜೆಟ್ ಎತ್ತಿ ತೋರಿಸಿ, "ಚೆನ್ನಾಗಿದೆ. ಬ್ಯಾಟರಿ ಪರವಾಗಿಲ್ಲ" ಎನ್ನುವುದು. "ನೋಡಿ, ನಮ್ಮೆಜಮಾನ್ರು ಇಷ್ಟು ಮಾತಾಡಿದ್ರು ಅಂದ್ರೆ ಇದು ಚಿನ್ನದಂಥ ಸಾಮಾನು ಅಂತ ಅರ್ಥ" ಎಂದು ಉಳಿದದ್ದನ್ನು ಅವಳೇ ತುಂಬುತ್ತಿದ್ದಳು. ಅವನಿಗೆ ಸೈಲೆಂಟ್ ಮೋಡ್ ಎಂದು ಹೆಸರಿಟ್ಟವಳೂ ಅವಳೇ. ನೋಡುವವರು ಅವಳನ್ನು ಅಕ್ಕ ಎನ್ನುತ್ತಿದ್ದರು, ಅವನನ್ನು ಸೈಲೆಂಟ್ ಭಾವ.

ಹಡಗಿನ ಸರಣಿಯಲ್ಲಿ ಒಬ್ಬ ಅಡುಗೆಯವನಿದ್ದ. ಎರಡನೇ ಸೀಸನ್ನಿನ ಕೊನೆಗೆ ಬಿರುಗಾಳಿಯಲ್ಲಿ ಸಮುದ್ರಕ್ಕೆ ಬಿದ್ದುಹೋದ. ಎಲ್ಲರೂ ಅವನನ್ನು ಮರೆತರೂ ಅವಳು ಬಿಡಲಿಲ್ಲ. "ಹೆಣ ತೋರಿಸಿಲ್ಲ ಅಂದ್ಮೇಲೆ ಸತ್ತಿಲ್ಲ. ಎಲ್ಲಿದಾನೆ ಅಂತ ನಂಗೊತ್ತು. ಈಗ ಹೇಳಲ್ಲ. ಕೊನೇ ಸೀಸನ್ ಬರ್ಲಿ, ಅವತ್ತು ಇದೇ ಮೇಜಿನ ಮುಂದೆ ಕೂತು ಹೇಳ್ತೀನಿ. ನಮ್ಮೆಜಮಾನ್ರಿಗೂ ಹೇಳಿಲ್ಲ, ಅವರನ್ನ ಕೇಳ್ಬೇಡಿ. ಕೇಳಿದ್ರೂ ಅವರೆಲ್ಲಿ ಬಾಯಿ ಬಿಡ್ತಾರೆ!" ಎಂದಿದ್ದಳು. ಅದೇ ಅವಳ ಕೊನೆಯ ವಿಡಿಯೋ.

ಬಟ್ಟೆ ಒಗೆಯುವ ಮಷಿನ್ನಿನ ಕಂಪನಿಯೊಂದರಲ್ಲಿ ದೂರು ಕೇಳುವ ಕೆಲಸ ಅವಳದು. ಬೆಳಗಿನಿಂದ ಸಂಜೆವರೆಗೆ ಫೋನಿನಲ್ಲಿ ಮಾತು. ಅಲ್ಲಿಯೇ, ಯಾರಿಗೋ ನೀರಿನ ಪೈಪು ಹೇಗೆ ಬಿಚ್ಚಬೇಕೆಂದು ಹೇಳುತ್ತಿದ್ದಾಗ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತು. ಮಾತು ನಿಂತು, ಬಲಗೈ ಮೇಜಿನಿಂದ ಜಾರಿತು. ಮಾತಿನ ನಡುವೆ ಫೋನ್ ಇಟ್ಟರು ಎಂದು ಆ ಗಿರಾಕಿ ಆಮೇಲೆ ದೂರು ಕೊಟ್ಟನಂತೆ. ಕಾಲಿಗೆ ಬೇಗ ಶಕ್ತಿ ಬಂತು. ಕೈಗೆ ಸ್ವಲ್ಪ ಬಂತು. ಮಾತು ಮಾತ್ರ ಮರಳಲಿಲ್ಲ. 'ರೀ' ಉಳಿದಿತ್ತು, 'ಹೂಂ' ಉಳಿದಿತ್ತು, ಯಾಕೋ ಏನೋ 'ಛತ್ರಿ' ಉಳಿದಿತ್ತು.

ಟೀವಿಯಲ್ಲಿ ಕ್ಯಾಪ್ಟನ್ ಎಂಜಿನ್ ಕೋಣೆಗೆ ಇಳಿದಳು. ಹೊಗೆಯ ಹಿಂದೆ ಒಂದು ಕಬ್ಬಿಣದ ಬಾಗಿಲು. ಅದನ್ನು ತೆರೆದರೆ ಒಳಗೆ ಗಡ್ಡ ಬೆಳೆದ ಅಡುಗೆಯವನು ಕೂತಿದ್ದ. ಅಷ್ಟು ಕಾಲವೂ ಅದೇ ಹಡಗಿನಲ್ಲೇ ಇದ್ದ; ಬಚ್ಚಿಟ್ಟವಳು ಕ್ಯಾಪ್ಟನ್ನೇ.

ಟೀವಿಯ ಎದುರು ಅವಳು ಕುರ್ಚಿಯ ಕೈಗೆ ಪಟಪಟ ಹೊಡೆದಳು. ನಕ್ಕಳು, ಜೋರಾಗಿ, ಮೊದಲಿನ ನಗು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ನೀನ್ ಅಂದ್ಕೊಂಡಿದ್ದು ಇದೇನಾ?" ಅವನು ಮುಂದೆ ಬಾಗಿದ. "ಎಂಜಿನ್ ರೂಮಲ್ಲಿದಾನೆ ಅಂತ ಅಂದ್ಕೊಂಡಿದ್ಯಾ?"

"ಹೂಂ!"

"ಅಥವಾ ಬೇರೆ ಏನಾದ್ರೂ ಅಂದ್ಕೊಂಡಿದ್ಯಾ?"

"ಹೂಂ."

ಹೌದು, ಅಲ್ಲ ಎರಡೂ ಅದಲುಬದಲಾಗುತ್ತವೆ, ಅವಳ ಹೂಂ ಅನ್ನು ನಂಬಬೇಡಿ ಎಂದು ಮಾತು ಕಲಿಸಲು ಬರುವ ಮೇಡಂ ಹೇಳಿದ್ದರು. ಟ್ಯಾಬ್ಲೆಟ್ಟಿನಲ್ಲಿ ಚಿತ್ರಗಳನ್ನು ಹಾಕಿಕೊಟ್ಟಿದ್ದರು, ಬೇಕಾದ್ದನ್ನು ಮುಟ್ಟಿದರೆ ಅದು ಮಾತಾಡುತ್ತಿತ್ತು. ಅದರಲ್ಲಿ ನೀರಿತ್ತು, ಹಾಸಿಗೆಯಿತ್ತು, ತಲೆನೋವಿತ್ತು. 'ನಾನು ಅವತ್ತೇ ಹೇಳಿರ್ಲಿಲ್ವಾ' ಎನ್ನುವುದಕ್ಕೆ ಚಿತ್ರವಿರಲಿಲ್ಲ. ಅವನು ಅಂಗಡಿಯಲ್ಲಿ ಕೂತು ತಾನೇ ಹಡಗು, ಅಡುಗೆಯವನು, ಕ್ಯಾಪ್ಟನ್ ಎಲ್ಲರ ಚಿತ್ರ ಸೇರಿಸಿಕೊಂಡು ಬಂದಿದ್ದ. ಈಗ ಅದನ್ನು ಮುಂದೆ ಹಿಡಿದ. ಅವಳು ಟ್ಯಾಬ್ಲೆಟ್ಟನ್ನು ನೋಡಿದಳು, ಅವನನ್ನು ನೋಡಿದಳು, ಅದನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಅವನು ಕಾಫಿ ಮಾಡುತ್ತಿದ್ದಾಗ ಅವಳು ಅಡುಗೆಮನೆಗೆ ಬಂದಳು. ಎಡಗೈಯಲ್ಲೇ ತಲೆ ಬಾಚಿಕೊಂಡಿದ್ದಳು, ಬೈತಲೆ ಓರೆಯಾಗಿತ್ತು. ಮೇಜಿನ ಮುಂದೆ, ಮೊದಲು ಕೂರುತ್ತಿದ್ದ ಕಡೆಯೇ ಕೂತು, ಮೂಲೆಯಲ್ಲಿ ಮಡಚಿಟ್ಟಿದ್ದ ಸ್ಟ್ಯಾಂಡಿನ ಕಡೆ ಕೈ ತೋರಿಸಿದಳು.

"ವಿಡಿಯೋ ಮಾಡೋಣ್ವಾ?"

"ಹೂಂ."

ಆ ಹೂಂ ನಿಜವೇ ಎಂದು ಅವನು ಕೇಳಿಕೊಳ್ಳಲಿಲ್ಲ. ಕೈಕಾಲಿನಲ್ಲಿ ಏನೋ ಹುರುಪು ಬಂದಿತ್ತು. ಆರೈಕೆಗೆಂದು ಬಂದು ಉಳಿದಿದ್ದ ಅವಳ ತಂಗಿ ಬಾಗಿಲಲ್ಲಿ ನಿಂತು ನೋಡಿದಳು.

"ಭಾವ, ಇದೆಲ್ಲ ಯಾಕೆ?"

"ಅವಳೇ ಕೇಳಿದ್ಲು."

"ಅವಳು ಸ್ಟ್ಯಾಂಡ್ ತೋರಿಸಿದ್ಲು. ಅದನ್ನ ಅಲ್ಲಿಂದ ಎತ್ತಿಡಿ ಅಂತಾನೂ ಇರ್ಬಹುದಲ್ವಾ?"

ಅವನು ಅವಳ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ. ರೆಕಾರ್ಡಿಂಗ್ ಶುರುವಾಯಿತು. ಮೊದಲು ತಾನೇ ಹೊಸ ಹೆಡ್‌ಫೋನ್ ಎತ್ತಿ ತೋರಿಸಿದ. "ಇದು... ಚೆನ್ನಾಗಿದೆ" ಎಂದ. ಉಳಿದದ್ದನ್ನು ತುಂಬುವವರಿಗಾಗಿ ಕಾದ ಹಾಗೆ ಒಂದು ಕ್ಷಣ ನಿಂತ. "ಹೊರಗಿನ ಗಲಾಟೆ ಕೇಳಲ್ಲ. ಕಿವಿ ನೋಯಲ್ಲ. ಬ್ಯಾಟರಿ... ಬ್ಯಾಟರಿನೂ ಪರವಾಗಿಲ್ಲ." ಬೆವರು ಇಳಿಯಿತು. ಇಷ್ಟು ವರ್ಷ ಇವಳು ಇದನ್ನು ಹೇಗೆ ಮಾಡುತ್ತಿದ್ದಳೋ ಎನಿಸಿ, ಫೋನನ್ನು ಅವಳ ಕಡೆ ತಿರುಗಿಸಿದ.

ಅವಳು ಕ್ಯಾಮೆರಾ ನೋಡಿದಳು. ಮುಖ ಅರಳಿತು. ಕತ್ತು ಒಂದಿಷ್ಟು ಓರೆಯಾಯಿತು.

"ಏನ್ ಜನಗಳೇ, ಊಟ ಆಯ್ತಾ? ಆಗ್ಲಿಲ್ಲ ಅಂದ್ರೆ ತಟ್ಟೆ ಹಿಡ್ಕೊಂಡೇ ಬನ್ನಿ!"

ಬಾಗಿಲಲ್ಲಿದ್ದ ತಂಗಿ ಬಾಯಿ ಮುಚ್ಚಿಕೊಂಡಳು. ಪ್ರತಿ ತಿಂಗಳೂ ಅವಳು ಹೇಳುತ್ತಿದ್ದ ಮಾತು, ಅದೇ ಧಾಟಿ, ಒಂದಕ್ಷರವೂ ತಪ್ಪಿರಲಿಲ್ಲ. ಅವಳಿಗೂ ಆಶ್ಚರ್ಯವಾಗಿತ್ತು. ಅವನ ಕಡೆ ತಿರುಗಿ, ಕೇಳಿಸಿತಾ ಎನ್ನುವಂತೆ ಕಣ್ಣರಳಿಸಿದಳು. ಅವನು ತಲೆಯಾಡಿಸಿದ, ಮುಂದೆ ಹೇಳು, ಹೇಳು ಎಂದು ಕೈ ಆಡಿಸಿದ.

ಅವಳು ಉಸಿರೆಳೆದುಕೊಂಡಳು. "ಅದು... ಛತ್ರಿ" ಎಂದಳು. ಮತ್ತೆ ಶುರು ಮಾಡಿದಳು. "ಆ ಛತ್ರಿ... ಕೆಳಗೆ... ಛತ್ರಿ, ರೀ..." ಎಡಗೈ ಗಾಳಿಯಲ್ಲಿ ಏನನ್ನೋ ತೆರೆಯಿತು, ಮುಚ್ಚಿತು. ಮಾತಿನ ರಾಗ ಸರಿಯಾಗಿಯೇ ಇತ್ತು. ಪ್ರಶ್ನೆ ಬರುವಲ್ಲಿ ಪ್ರಶ್ನೆ, ನಗಿಸುವಲ್ಲಿ ನಗು. ಮಾತೊಂದೇ ಇರಲಿಲ್ಲ. ಹೀಗೇ ಸ್ವಲ್ಪ ಹೊತ್ತು ಹೋದ ಮೇಲೆ ಅವಳಿಗೆ ತನ್ನದೇ ದನಿ ಕೇಳಿಸಿರಬೇಕು. ನಗು ಮುಖದ ಒಂದು ಬದಿಯಿಂದ ಇಳಿಯಿತು. ಕ್ಯಾಮೆರಾದಿಂದ ಕಣ್ಣು ಕೀಳದೆ ಸುಮ್ಮನೆ ಕೂತಳು. ಅವನಿಗೆ ಎದ್ದು ಅದನ್ನು ನಿಲ್ಲಿಸಬೇಕೆನಿಸಿದರೂ ಕೈ ಏಳಲಿಲ್ಲ. ಕೊನೆಗೆ ತಂಗಿಯೇ ಬಂದು ನಿಲ್ಲಿಸಿದಳು.

"ಇದನ್ನ ಹಾಕ್ಬೇಡಿ ಭಾವ. ಅಷ್ಟು ಜನ ಅವಳನ್ನ ನೋಡಿ ಅಯ್ಯೋ ಪಾಪ ಅನ್ನೋದನ್ನ ನಾನು ನೋಡಲಾರೆ. ಅವಳೂ ನೋಡಲಾರಳು."

"ಅವಳನ್ನೇ ಕೇಳೋಣ."

ಅವನು ಎರಡು ಕಾಗದದ ಚೂರು ತಂದ. ಒಂದರಲ್ಲಿ ಸರಿ ಗುರುತು, ಒಂದರಲ್ಲಿ ತಪ್ಪು ಗುರುತು ಬರೆದು ಮುಂದಿಟ್ಟ. "ನೋಡು, ಹಾಕ್ಲಾ, ಬೇಡ್ವಾ?" ಅವಳು ಎರಡನ್ನೂ ನೋಡಿ ಸರಿ ಗುರುತಿನ ಮೇಲೆ ಬೆರಳಿಟ್ಟು ತಲೆಯನ್ನು ಅಡ್ಡಡ್ಡ ಆಡಿಸಿದಳು. ಅವನು ಚೂರುಗಳ ಜಾಗ ಬದಲಿಸಿ ಮತ್ತೆ ಕೇಳಿದ. ಅವಳು ಎರಡನ್ನೂ ಒಂದರ ಮೇಲೊಂದಿಟ್ಟು, ಅಂಚು ಸರಿಮಾಡಿ ಅವನ ಕೈಗೆ ವಾಪಸು ಕೊಟ್ಟಳು.

"ಹೂಂ ಅಂದ್ಲು" ಎಂದ ಅವನು.

"ಊಹೂಂ ಅಂದ್ಲು" ಎಂದಳು ತಂಗಿ.

ಸಂಜೆ ಬಂದು ನೋಡೋಣ ಎಂದು ಅವನು ವಿಡಿಯೋವನ್ನು ಚಾನೆಲ್ಲಿನ ಡ್ರಾಫ್ಟಿನಲ್ಲಿ ಹಾಗೇ ಉಳಿಸಿಟ್ಟು ಅಂಗಡಿಗೆ ಹೋದ. ಫೋನನ್ನು ಅವಳು ಬಿಟ್ಟುಕೊಡಲಿಲ್ಲ. ಊಟ ಆಯ್ತಾ ಎಂದು ತಾನು ಕೇಳುವ ಜಾಗವನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿದ್ದಳು.

ಮಧ್ಯಾಹ್ನ ಅವನು ಭೂತಗನ್ನಡಿಯಡಿ ಯಾರದೋ ಚಾರ್ಜಿಂಗ್ ಪಿನ್ ಬೆಸೆಯುತ್ತಿದ್ದಾಗ ಜೇಬಿನಲ್ಲಿ ಫೋನ್ ಗುರ್ ಎಂದಿತು. ಮತ್ತೆ ಎಂದಿತು. ಆಮೇಲೆ ನಿಲ್ಲಲೇ ಇಲ್ಲ. ತೆಗೆದು ನೋಡಿದರೆ ಚಾನೆಲ್ಲಿನಲ್ಲಿ ಹೊಸ ವಿಡಿಯೋ. ಕತ್ತರಿಸಿರಲಿಲ್ಲ, ಹೆಸರು ಕೊಟ್ಟಿರಲಿಲ್ಲ. ಅವನ ಬೆವರು, ಅವಳ ಛತ್ರಿ, ಕೊನೆಯ ಮೌನ, ನಿಲ್ಲಿಸಲು ಬಂದ ತಂಗಿಯ ಕೈ, ಎಲ್ಲವೂ ಇತ್ತು.

"ಎಷ್ಟೊತ್ತಾಗತ್ತೆ?" ಎಂದ ಗಿರಾಕಿ.

"ನಾಳೆ ಬನ್ನಿ."

"ಅಯ್ಯೋ, ಬಿಚ್ಚಿಟ್ಟುಬಿಟ್ಟಿದೀರಲ್ರೀ!"

ಅವನು ಅಷ್ಟರಲ್ಲಿ ಶಟರ್ ಎಳೆಯುತ್ತಿದ್ದ.

ಬಸ್ಸಿನಲ್ಲಿ ನಿಂತು ಓದಿದ. ಅಕ್ಕಾ, ಏನಾಯ್ತು ನಿಮಗೆ ಎಂದು ಕೇಳಿದವರಿದ್ದರು. ಅಳುವ ಮುಖ ಹಾಕಿದವರಿದ್ದರು. ಹುಷಾರಿಲ್ಲದವರನ್ನ ತೋರಿಸಿ ವ್ಯೂಸ್ ಮಾಡ್ಕೊಳ್ತೀಯಾ, ನಾಚಿಕೆ ಆಗಲ್ವಾ ಎಂದು ಒಬ್ಬ ಬರೆದಿದ್ದ. ಆ ಸಾಲು ಕಣ್ಣಿಗೆ ಅಂಟಿಕೊಂಡಿತು. ಅದರ ಕೆಳಗೆ ಇನ್ನೊಂದು ಗುಂಪು ಬೇರೆಯೇ ಚರ್ಚೆಗಿಳಿದಿತ್ತು. ಅಕ್ಕ ಸುಳಿವು ಕೊಡ್ತಿದಾರೆ, ಮೊದಲನೇ ಕಂತಿನಲ್ಲಿ ಅಡುಗೆಯವನ ಕೈಯಲ್ಲಿ ಒಂದು ಛತ್ರಿ ಇತ್ತಲ್ವಾ ಎಂದು ಒಬ್ಬಳು. ಹೌದೌದು, ಅದು ಎಂಜಿನ್ ಕೋಣೆಯ ಬಾಗಿಲ ಹತ್ತಿರಾನೇ ನೇತಾಡ್ತಿತ್ತು ಎಂದು ಇನ್ನೊಬ್ಬ. ಅವನು ಅದನ್ನು ಎರಡು ಸಲ ಓದಿದ. ಹಾಗೂ ಇರಬಹುದೇ? ಆದರೆ ಅವಳು ನೀರಿಗೂ ಛತ್ರಿ ಎನ್ನುತ್ತಿದ್ದಳು, ಸೊಳ್ಳೆಗೂ ಛತ್ರಿ ಎನ್ನುತ್ತಿದ್ದಳು.

ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. "ನಾನು ಬಟ್ಟೆ ತರಕ್ಕೆ ಮೇಲೆ ಹೋಗಿದ್ದೆ ಭಾವ. ಅಷ್ಟೊತ್ತಿಗೆ... ಅಳಿಸೋ ಬಟನ್ನೂ ಹಾಕೋ ಬಟನ್ನೂ ಅಕ್ಕಪಕ್ಕಾನೇ ಇದೆ. ಅವಳು ಅಳಿಸಕ್ಕೆ ಹೋಗಿ ಇದನ್ನ ಒತ್ತಿದಾಳೆ. ನಂಗೆ ಗ್ಯಾರಂಟಿ ಗೊತ್ತು. ಮೊದ್ಲು ತೆಗೀರಿ."

ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಫೋನು ತೊಡೆಯ ಮೇಲಿತ್ತು, ಒಂದೇ ಸಮನೆ ಬೆಳಗುತ್ತಿತ್ತು. ಓದಲು ಅವಳಿಗೆ ಆಗುತ್ತಿರಲಿಲ್ಲ. ಅಕ್ಷರಗಳೂ ಮಾತಿನ ಜೊತೆಗೇ ಹೋಗಿದ್ದವು. ಒಂದರ ಹಿಂದೊಂದು ಬಂದು ಬೀಳುತ್ತಿದ್ದ ಸಾಲುಗಳನ್ನು ಸುಮ್ಮನೆ ನೋಡುತ್ತಿದ್ದಳು.

ಅವನು ಅವಳ ಎದುರು ನೆಲದ ಮೇಲೆ ಕೂತ. "ಇದನ್ನ ನೀನೇ ಹಾಕಿದ್ಯಾ?"

"ಹೂಂ."

"ಬೇಕು ಅಂತಾನೇ ಹಾಕಿದ್ಯಾ?"

"ಹೂಂ."

"ಕೈ ತಪ್ಪಿ ಒತ್ತಿದ್ಯಾ?"

ಅವಳು ಅವನ ಮುಖವನ್ನೇ ನೋಡಿದಳು. "ಹೂಂ, ರೀ."

"ತೆಗೆದುಬಿಡ್ಲಾ?" ಅವನು ಕೈ ಮುಂದೆ ಚಾಚಿದ. "ನೋಡೇ, ಹೆಂಗಾದ್ರೂ ಹೇಳೇ. ಕೈ ಹಿಂಡಿ ಹೇಳು. ತೆಗೀಬೇಕು ಅಂದ್ರೆ ಒಂದ್ಸಲ ಹಿಂಡು."

ಅವಳು ಅವನ ಕೈ ಹಿಡಿದು ಹಿಂಡಿದಳು. ಮತ್ತೊಮ್ಮೆ ಹಿಂಡಿದಳು. ಬಿಡಲೇ ಇಲ್ಲ.

ಅವನು ಇನ್ನೊಂದು ಕೈಯಿಂದ ಫೋನ್ ತೆಗೆದುಕೊಂಡು ವಿಡಿಯೋವನ್ನು ತೆರೆದ. ಅಳಿಸಬೇಕೇ ಎಂದು ಅದು ಕೇಳಿತು. ಹೆಬ್ಬೆರಳು ಅದರ ಮೇಲೆಯೇ ನಿಂತಿತು. ಎಷ್ಟೋ ಜನರ ಒಡೆದ ಫೋನುಗಳಿಂದ ಅವರ ಮದುವೆಯ ಫೋಟೋ, ಸತ್ತವರ ದನಿ ಎಲ್ಲವನ್ನೂ ಹೊರತೆಗೆದುಕೊಟ್ಟವನು ಅವನು. ಎಲ್ಲಿ ಶಾಖ ಕೊಡಬೇಕು, ಎಲ್ಲಿ ತಂತಿ ಬೆಸೆಯಬೇಕು ಎಂದು ಗೊತ್ತಿತ್ತು. ಈಗ ತನ್ನ ಕೈ ಹಿಂಡುತ್ತ ಎದುರು ಕೂತವಳ ಒಳಗೆ ಎಲ್ಲವೂ ಇತ್ತು, ಒಂದೂ ಅಳಿಸಿರಲಿಲ್ಲ. ಆದರೆ ಅವನಿಗೆ ಒಂದೂ ಕೈಗೆ ಸಿಗುತ್ತಿರಲಿಲ್ಲ.

"ಒತ್ತಿ ಭಾವ" ಎಂದಳು ತಂಗಿ, ಬಾಗಿಲಿಂದ. "ಯಾಕೆ ನೋಡ್ತಾ ಕೂತಿದೀರಿ?"

"ಅವಳಿಗೆ ಬೇಕಾಗಿದ್ರೆ?"

"ಬೇಡವಾಗಿದ್ರೆ?"

ತಂಗಿ ಕಣ್ಣೊರೆಸಿಕೊಂಡು, ಮಡಚಬೇಕಾದ ಬಟ್ಟೆಗಳ ರಾಶಿಯನ್ನೆತ್ತಿಕೊಂಡು ಒಳಗೆ ಹೋದಳು.

ಅವಳು ಅವನ ಕೈ ಬಿಟ್ಟಳು. ಫೋನಿನ ಪರದೆಯನ್ನು ಬೆರಳಿನಿಂದ ತಟ್ಟಿದಳು, ಅವನ ತುಟಿಯನ್ನು ತಟ್ಟಿದಳು. ಓದು ಎಂದೋ, ಸುಮ್ಮನಿರು ಎಂದೋ. ಅವನು ಓದು ಎಂದೇ ತಿಳಿದುಕೊಂಡು, ಅಳಿಸುವುದನ್ನು ಬಿಟ್ಟು ಕೆಳಗಿನ ಸಾಲುಗಳಿಗೆ ಹೋದ.

"'ಅಕ್ಕಾ, ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ'" ಎಂದು ಓದಿದ. "'ಊಟ ಆಯ್ತು ಅಕ್ಕ, ನಿಮ್ಮದಾಯ್ತಾ?' ಇದು ಇನ್ನೊಬ್ರು. 'ಹೆಡ್‌ಫೋನ್ ಯಾವ ಬಣ್ಣದಲ್ಲಿ ಸಿಗತ್ತೆ?'" ನಾಚಿಕೆ ಆಗಲ್ವಾ ಎಂದು ಬರೆದವನ ಸಾಲು ಬಂತು. ಅದನ್ನು ದಾಟಿಹೋಗಬೇಕೆಂದುಕೊಂಡ, ಅವಳ ಕಣ್ಣು ತನ್ನ ತುಟಿಯ ಮೇಲೇ ಇದ್ದದ್ದನ್ನು ಕಂಡು ಅದನ್ನೂ ಓದಿದ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

ಅವನು ಓದುತ್ತ ಹೋದ. ಅಷ್ಟು ಮಾತನ್ನು ಅವನು ಒಟ್ಟಿಗೆ ಎಂದೂ ಆಡಿದವನಲ್ಲ, ದನಿ ಒಡೆಯತೊಡಗಿತು. ಹೊರಗೆ ಬೆಳಕು ಇಳಿಯಿತು; ದೀಪ ಹಾಕಲು ಯಾರೂ ಏಳಲಿಲ್ಲ. ಅವನು ನೀರು ಗುಟುಕರಿಸಲು ನಿಲ್ಲಿಸಿದಾಗಲೆಲ್ಲ ಪರದೆ ಮಂಕಾಗುತ್ತಿತ್ತು. ಆಗ ಅವಳು ಎಡಗೈ ಚಾಚಿ, ಅದು ಆರಿಹೋಗದಂತೆ ಒಮ್ಮೆ ಮುಟ್ಟುತ್ತಿದ್ದಳು.