ಇನ್ನೂರ ಹನ್ನೊಂದು ಸಾಲ, ಕೈಕೊಟ್ಟವರು ಯಾರೂ ಇಲ್ಲ

ಆ ಪ್ರಬಂಧ ರಚನಾಳ ಕೈಗೆ ಬಂದದ್ದು ಒಂದು ಸೋಮವಾರ, ಕಾಲೇಜಿನಲ್ಲಿ ದಿನದ ಎರಡನೆಯ ಪಾಠ ಮುಗಿಸಿ ತನ್ನ ಕೋಣೆಗೆ ಬಂದು ಬುತ್ತಿಯ ಡಬ್ಬಿ ತೆರೆಯುವ ಹೊತ್ತಿಗೆ. ವಿದೇಶದ ಒಂದು ದೊಡ್ಡ ಪತ್ರಿಕೆ, ಹಣಕಾಸು ಶಾಸ್ತ್ರ ಕಲಿಸುವವರೆಲ್ಲ ಸಾಯುವುದರೊಳಗೆ ಒಮ್ಮೆಯಾದರೂ ಅದರಲ್ಲಿ ಹೆಸರು ಕಾಣಬೇಕೆಂದು ಹಂಬಲಿಸುವಂಥದ್ದು, ‘ಇದು ಅಚ್ಚಿಗೆ ಯೋಗ್ಯವೇ ನೋಡಿ ಹೇಳಿ’ ಎಂದು ಕಳಿಸಿತ್ತು. ಗೊತ್ತಿಲ್ಲದವರಿಗೆ ಈ ಪದ್ಧತಿಯನ್ನು ಹೇಳಿಬಿಡುತ್ತೇನೆ. ಬರೆದವರು ಯಾರೆಂದು ಪರೀಕ್ಷಿಸುವವರಿಗೆ ತಿಳಿಸುವುದಿಲ್ಲ, ಪರೀಕ್ಷಿಸಿದವರು ಯಾರೆಂದು ಬರೆದವರಿಗೂ ತಿಳಿಸುವುದಿಲ್ಲ. ಇಬ್ಬರ ಕಣ್ಣಿಗೂ ಬಟ್ಟೆ ಕಟ್ಟಿ ಆಡಿಸುವ ಆಟ. ವಿಶ್ವವಿದ್ಯಾಲಯದವರು ಇದನ್ನು ಬಹಳ ದೊಡ್ಡ ನ್ಯಾಯ ಎಂದು ತಿಳಿದಿದ್ದಾರೆ.

ಮೊದಲ ಪುಟ ಓದುತ್ತಲೇ ಅವಳ ಕೈಯಲ್ಲಿದ್ದ ಚಪಾತಿ ಡಬ್ಬಿಗೆ ವಾಪಸು ಹೋಯಿತು. ದಕ್ಷಿಣ ಭಾರತದ ಒಂದು ನಗರದ ಸಸ್ಯಾಹಾರಿ ಹೋಟೆಲುಗಳವರು ಕಾಗದಪತ್ರವಿಲ್ಲದೆ, ಬಾಯಿಮಾತಿನ ಮೇಲೆ ಕೊಡುವ ಸಾಲದ ಬಗ್ಗೆ ಆ ಪ್ರಬಂಧ. ಇನ್ನೂರ ಹನ್ನೊಂದು ಸಾಲ, ಕೈಕೊಟ್ಟವರು ಯಾರೂ ಇಲ್ಲ, ಇದು ಅದರ ಸಾರಾಂಶ. ತಾನು ಏಳು ವರ್ಷದಿಂದ ಅಗೆಯುತ್ತಿರುವ ಹೊಲದಲ್ಲೇ ಇನ್ನೊಬ್ಬರ ನೇಗಿಲೂ ಬಂತೇ ಎಂದು ಅವಳಿಗೆ ಒಂದು ಕ್ಷಣ ಹೊಟ್ಟೆ ಉರಿಯಿತು. ಹೊಟ್ಟೆಕಿಚ್ಚು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವಳು ಪುಟ ತಿರುಗಿಸಿ ಕೊನೆಯ ಕೋಷ್ಟಕಕ್ಕೆ ಬಂದಳು. ಹೋಟೆಲು ಸಂಖ್ಯೆ ಹದಿನೇಳು. ಕೊಟ್ಟದ್ದು ರುಬ್ಬುವ ಯಂತ್ರ ಒಂದು. ಬೆಲೆ ಹದಿನೆಂಟು ಸಾವಿರದ ಮುನ್ನೂರೈವತ್ತು ರೂಪಾಯಿ.

ಆ ಮುನ್ನೂರೈವತ್ತು ಏನೆಂದು ಜಗತ್ತಿನಲ್ಲಿ ಎಷ್ಟು ಜನಕ್ಕೆ ಗೊತ್ತಿದ್ದೀತು? ಹದಿನೇಳನೆಯ ಹೋಟೆಲು ಚೆನ್ನೈಯ ತ್ರಿಪ್ಲಿಕೇನಿನಲ್ಲಿರುವ ಐತಪ್ಪನವರ ಮೆಸ್ಸು. ಪುತ್ತೂರಿನ ಕಡೆಯಿಂದ ಬಂದು ನಲವತ್ತು ವರ್ಷದಿಂದ ಅಲ್ಲಿ ಇಡ್ಲಿ ಬೇಯಿಸುತ್ತಿರುವ ಮನುಷ್ಯ. ಅವರು ತಮ್ಮ ಅಡುಗೆಯವನೊಬ್ಬನಿಗೆ ತಿರುವೊಟ್ಟಿಯೂರಿನಲ್ಲಿ ಸ್ವಂತ ಹೋಟೆಲು ಇಡಲು ತಮ್ಮ ಯಂತ್ರವನ್ನೇ ಕೊಟ್ಟು ಕಳಿಸಿದ್ದರು. ಅದರ ಬೆಲೆ ಎಷ್ಟು ಎಂದು ರಚನಾ ಕೇಳಿದಾಗ, ಹದಿನೆಂಟು ಸಾವಿರ ಎಂದು ಹೇಳಿ, ಬೆರಳು ಮಡಿಸಿ, ಅದನ್ನು ಸಾಗಿಸಿದ ಆಟೋದವನಿಗೆ ತಾವೇ ಕೊಟ್ಟ ಮುನ್ನೂರೈವತ್ತನ್ನೂ ಸೇರಿಸಿದ್ದರು. ಅವಳು ನಕ್ಕು ಹಾಗೆಯೇ ಬರೆದುಕೊಂಡಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ತಾನು ಬರೆದುಕೊಂಡ ಅಂಕಿ ಸಾವಿರದ ನಡುವೆ ಇದ್ದರೂ ಹೆತ್ತವಳಿಗೆ ಗುರುತು ಸಿಗುತ್ತದೆ. ಅದು ಅವಳ ಕೋಷ್ಟಕ, ಸಾಲುಸಾಲೂ ಅವಳದೇ.

ರಚನಾ ಮಂಡ್ಯದವಳು. ಮದುವೆಯಾಗಿ ಗಂಡ ತಿರುಮಲನ ಕೆಲಸದ ಬೆನ್ನು ಹತ್ತಿ ಚೆನ್ನೈಗೆ ಬಂದು, ಇಲ್ಲಿಯೇ ಪಿಎಚ್.ಡಿ. ಮಾಡಿ, ಇಲ್ಲಿಯೇ ಪಾಠ ಹೇಳುತ್ತಿದ್ದಾಳೆ. ಮನೆಯಲ್ಲಿ ಮಗಳು ಮಧುರಾ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಕರಾವಳಿಯ ಹೋಟೆಲಿನವರ ಹತ್ತಿರ ಅವಳು ಮೊದಲು ಹೋದದ್ದು ಸಂಶೋಧನೆಗಲ್ಲ, ಒಂದಿಷ್ಟು ಕನ್ನಡ ಕಿವಿಗೆ ಬೀಳಲಿ ಎಂದು. ಹೋಗಿ ಕುಳಿತಲ್ಲಿ ಅವರ ಒಂದು ಪದ್ಧತಿ ಕಣ್ಣಿಗೆ ಬಿತ್ತು. ಅಡುಗೆಯವನು ಕೈ ಪಳಗಿ ಸ್ವಂತ ಹೋಟೆಲು ಇಡುತ್ತೇನೆ ಎಂದರೆ ಧಣಿ ಸಿಟ್ಟಾಗುವುದಿಲ್ಲ, ಬಂಡವಾಳ ಕೊಡುತ್ತಾನೆ, ಮೊದಲ ದಿನದ ಹಿಟ್ಟನ್ನೂ ತನ್ನ ಮನೆಯಿಂದಲೇ ರುಬ್ಬಿ ಕಳಿಸುತ್ತಾನೆ. ಕಾಗದವಿಲ್ಲ, ಬಡ್ಡಿಯಿಲ್ಲ. ಆದಾಗ ಹಿಂದಿರುಗಿಸಬೇಕು, ಮತ್ತು ಧಣಿಯ ಬೀದಿಯಲ್ಲಿ ಹೋಟೆಲು ಇಡಬಾರದು. ಇವೆರಡೇ ಷರತ್ತು.

ನಾಲ್ಕು ವರ್ಷ ಅವಳು ಶನಿವಾರ ಭಾನುವಾರ ಎನ್ನದೆ ಮಾಧವರಂನಿಂದ ಹಿಡಿದು ಊರಿಡೀ ಹೋಟೆಲು ಸುತ್ತಿದಳು. ಇನ್ನೂರ ಹನ್ನೊಂದು ಸಾಲ ಸಿಕ್ಕವು, ಮುಳುಗಿದ್ದು ಒಂದೂ ಇಲ್ಲ. ಬ್ಯಾಂಕಿನವರು ಕೇಳಿದರೆ ತಲೆ ಚಚ್ಚಿಕೊಳ್ಳುವಂಥ ಸಂಗತಿ. ಕೊಯಮತ್ತೂರಿನ ಒಂದು ಸಮ್ಮೇಳನದಲ್ಲಿ, ನಲವತ್ತು ಜನರ ಮುಂದೆ, ಅದರಲ್ಲಿ ಅರ್ಧ ಜನ ತೂಕಡಿಸುತ್ತಿದ್ದಾಗ, ಅದನ್ನು ಮಂಡಿಸಿಯೂ ಆಯಿತು. ಇನ್ನೇನು ದೊಡ್ಡ ಪತ್ರಿಕೆಗೆ ಕಳಿಸಬೇಕು, ಅಷ್ಟರಲ್ಲಿ ಐತಪ್ಪನವರ ಹೆಂಡತಿ ಬೇಬಿ ಒಂದು ಮಾತು ಹೇಳಿದರು.

“ವಾಪಸು ಬಾರದ್ದನ್ನು ಇವರು ಸಾಲ ಅಂತ ಹೇಳುದೇ ಇಲ್ಲ ಮೇಡಂ. ಅದು ದೇವರಿಗೆ ಹೋಯ್ತು ಅಂತ ಬಿಟ್ಟುಬಿಡುದು. ಹಾಗೆ ಹೋದವರು ಐದು ಜನ ಉಂಟು ನಮ್ಮಲ್ಲೇ. ಬೇಕಾದ್ರೆ ಹೆಸರು ಹೇಳ್ತೇನೆ.”

ಅಯ್ಯೋ ದೇವರೇ ಎಂದು ಅವಳು ತಾನು ಕೇಳಿದ ಪ್ರಶ್ನೆಗಳ ಹಾಳೆ ತೆಗೆದು ನೋಡಿದಳು. ತಪ್ಪು ಅವರದಲ್ಲ, ಇವಳದು. ಎಷ್ಟು ಜನಕ್ಕೆ ಸಾಲ ಕೊಟ್ಟಿದ್ದೀರಿ ಎಂದು ಇವಳು ಕೇಳಿದ್ದಳು, ಬಂದದ್ದನ್ನು ಮಾತ್ರ ಸಾಲ ಎನ್ನುವ ಜನ ಬಂದದ್ದನ್ನು ಹೇಳಿದ್ದರು. ಇನ್ನುಳಿದ ಹೋಟೆಲುಗಳಲ್ಲೂ ಅದೇ ಕಥೆ ಇರಬೇಕಲ್ಲ? ನಾಲ್ಕು ವರ್ಷದ ದುಡಿಮೆಯ ಆ ಸೊನ್ನೆ ಶುದ್ಧ ಸುಳ್ಳು.

ಅವಳು ಓಡಿದ್ದು ತನ್ನ ಗುರು ವಿಶ್ವನಾಥರ ಹತ್ತಿರ. ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡಿದವರು, ಮೈಸೂರಿನವರು, ನಿವೃತ್ತರಾದರೂ ಒಂದು ಸಂಶೋಧನಾ ಕೇಂದ್ರದ ಮುಖ್ಯಸ್ಥರು. ಪ್ರಬಂಧವನ್ನೂ ಕೋಷ್ಟಕವನ್ನೂ ಸಲಹೆಗಾಗಿ ಅವರಿಗೆ ಮೊದಲೇ ಕಳಿಸಿದ್ದಳು. ಐದು ಜನರ ವಿಷಯವನ್ನು ಅಳುತ್ತ ಹೇಳಿದಾಗ ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ಕಳಿಸಬೇಡ, ಪೂರ್ತಿ ಸಮೀಕ್ಷೆ ಮತ್ತೆ ಮಾಡು, ಸುಳ್ಳು ಅಂಕಿಯಿಂದ ಬರುವ ಹೆಸರು ನಮಗೆ ಬೇಡ ಎಂದರು. ಗುರು ಎಂದರೆ ಹೀಗಿರಬೇಕು ಎಂದು ಆ ಮಾತನ್ನು ಪ್ರತಿ ವರ್ಷ ತನ್ನ ವಿದ್ಯಾರ್ಥಿಗಳಿಗೂ ಹೇಳಿದಳು. ಆ ವರ್ಷದ ಪ್ರೊಫೆಸರ್ ಹುದ್ದೆಯ ಸಂದರ್ಶನದಲ್ಲಿ ದೊಡ್ಡ ಪ್ರಕಟಣೆ ಎಲ್ಲಿ ಎಂದು ಕೇಳಿದರು, ಇಲ್ಲ ಎಂದಳು, ಹುದ್ದೆ ಅವಳಿಗಿಂತ ಐದು ವರ್ಷ ಕಿರಿಯನಿಗೆ ಹೋಯಿತು. ಹೋಗಲಿ, ಸತ್ಯಕ್ಕಾಗಿ ಹೋಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಎರಡು ವರ್ಷದಿಂದ ಮತ್ತೆ ಹೋಟೆಲು ಹೋಟೆಲು ಅಲೆಯುತ್ತಿದ್ದಳು. ಬರುವ ತಿಂಗಳು ಮತ್ತೊಂದು ಸಂದರ್ಶನವಿತ್ತು.

ಆ ಸೋಮವಾರ ಅವಳು ಮೊದಲು ಅನುಮಾನಿಸಿದ್ದು ಯಾರನ್ನು ಗೊತ್ತೇ? ತನ್ನ ವಿದ್ಯಾರ್ಥಿನಿ ಪ್ರೇರಣಾಳನ್ನು. ಕರೆಸಿ, ಬಾಗಿಲು ಹಾಕಿ, ಖಾರವಾಗಿಯೇ ಕೇಳಿದಳು. ಆ ಹುಡುಗಿ ಮುಖ ಸಣ್ಣದು ಮಾಡಿಕೊಂಡು, ತಾನು ಸೇರಿದ್ದು ಹೊಸ ಸಮೀಕ್ಷೆಗೆ, ತನ್ನ ಹತ್ತಿರವಿರುವ ಕೋಷ್ಟಕದಲ್ಲಿ ಬಾರದ ಸಾಲಕ್ಕೂ ಒಂದು ಕಾಲಂ ಇದೆ, ಹಳೆಯದನ್ನು ಕಂಡೇ ಇಲ್ಲ ಎಂದಳು. ನಿಜ. ಸಮ್ಮೇಳನದ ಪುಸ್ತಕದಲ್ಲಿ ಅಚ್ಚಾದದ್ದು ಬರೀ ಸಾರಾಂಶ, ಹಳೆಯ ಕೋಷ್ಟಕ ಇದ್ದದ್ದು ಇಬ್ಬರ ಹತ್ತಿರ ಮಾತ್ರ. ರಚನಾ ಆ ಹುಡುಗಿಯ ಕ್ಷಮೆ ಕೇಳಿದಳು. ಇನ್ನೊಬ್ಬರ ಹೆಸರನ್ನು ಮನಸ್ಸಿನಲ್ಲೂ ಹೇಳಿಕೊಳ್ಳಲಾರದೆ ಮಂಗಳವಾರವಿಡೀ ಒದ್ದಾಡಿದಳು.

ಬುಧವಾರ ಅಡ್ಯಾರಿನಲ್ಲಿರುವ ವಿಶ್ವನಾಥರ ಮನೆಗೆ ಹೋದಳು. ಕಳ್ಳ ಬೇರೆ ಯಾವನೋ ಇರಬಹುದು, ಅವರ ಮುಖ ನೋಡಿದರೆ ಈ ಪಾಪದ ಅನುಮಾನ ಹೋಗುತ್ತದೆ ಎಂಬ ಆಸೆ ಇನ್ನೂ ಇತ್ತು. ಪ್ರಬಂಧದ ಸುದ್ದಿ ಎತ್ತಲಿಲ್ಲ. ಕಾಫಿ ಬಂತು, ಕುಡಿದಳು. ಆಮೇಲೆ, ಹಳೆಯ ಪ್ರಬಂಧವನ್ನೇ ಸ್ವಲ್ಪ ತಿದ್ದಿ ಕಳಿಸಿಬಿಡಲೇ ಸಾರ್, ಸಂದರ್ಶನ ಹತ್ತಿರ ಬಂತು ಎಂದು ಕೇಳಿದಳು. ಅವರು ತಟ್ಟನೆ ಮೇಜಿನ ಮೇಲಿದ್ದ ಹಾಳೆಗಳನ್ನು ಬೋರಲು ಹಾಕಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಕಳ್ಳ ಎಂದು ಯಾರೂ ಅಂದೂ ಇರಲಿಲ್ಲ.

“ಆತುರ ಪಡಬೇಡಮ್ಮ. ಇನ್ನೂ ಎರಡು ವರ್ಷ ಹಿಡಿದರೂ ಹಿಡಿಯಲಿ. ಸತ್ಯಕ್ಕಿಂತ ಹುದ್ದೆ ದೊಡ್ಡದಾ?”

ಅದೇ ದನಿ, ಅದೇ ಕೈ. ತಲೆಯ ಮೇಲೆ ಮತ್ತೆ ಇಡಲು ಬಂದಾಗ ಅವಳು ಚಪ್ಪಲಿ ಹುಡುಕುವ ನೆವದಲ್ಲಿ ಬಗ್ಗಿದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಕದ್ದದ್ದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ಸತ್ಯದ ಹೆಸರಿನಲ್ಲಿ ಅವಳನ್ನು ಹಿಡಿದು ನಿಲ್ಲಿಸಿ, ಅವಳು ಬಿಟ್ಟ ಸುಳ್ಳನ್ನು ಎತ್ತಿಕೊಂಡು ಇವರು ಓಡಿದ್ದರು.

ಈಗ ಏನು ಮಾಡಬೇಕು? ಬರಹ ಸಪ್ಪೆ ಎಂದು ಏನೋ ಒಂದು ನೆಪ ಹೇಳಿ, ಹೆಸರಿಲ್ಲದೆ ತಿರಸ್ಕರಿಸಿಬಿಟ್ಟರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಆದರೆ ಅವರು ನಾಳೆಯೇ ಇನ್ನೊಂದು ಪತ್ರಿಕೆಗೆ ಕಳಿಸುತ್ತಾರೆ. ಇಲ್ಲವೇ ಭೇಷ್ ಎಂದು ಅಚ್ಚಿಗೆ ಬಿಡಬಹುದು. ಅಚ್ಚಾದ ಮೇಲೆ ತನ್ನ ಹೊಸ ಸಮೀಕ್ಷೆಯನ್ನು ತಂದು, ನೋಡಿ ಇದು ಸುಳ್ಳು ಎಂದು ಕೆಡವಬಹುದು. ಆಗ ಅವರು ನೆಲಕ್ಕೆ, ಇವಳು ಮೇಲಕ್ಕೆ. ಈ ಯೋಚನೆ ಅವಳಿಗೆ ಎಷ್ಟು ರುಚಿಸಿತೆಂದರೆ ಅವಳಿಗೇ ಭಯವಾಯಿತು. ಮೂರನೆಯ ದಾರಿ, ಸಂಪಾದಕರಿಗೆ ತನ್ನ ಹೆಸರು ಹಾಕಿ ಬರೆಯುವುದು. ಇದು ನನ್ನ ಅಂಕಿ ಎನ್ನಲು ಕೊಯಮತ್ತೂರಿನ ಸಮ್ಮೇಳನದ ಪುಸ್ತಕವೇ ಸಾಕ್ಷಿ. ಆದರೆ ಅವಳ ತಪ್ಪಿಗೂ ಅದೇ ಸಾಕ್ಷಿ. ಅದನ್ನು ಹಿಂತೆಗೆದುಕೊಂಡೆ ಎಂದರೆ ಬರುವ ತಿಂಗಳ ಸಂದರ್ಶನಕ್ಕೆ ಹಿಡಿದು ಹೋಗಲು ಅವಳ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಶನಿವಾರ ರೂಢಿಯಂತೆ ತ್ರಿಪ್ಲಿಕೇನಿಗೆ ಹೋದಳು. ಮೆಸ್ಸಿನ ಎದುರು ಸಾಲಿನಲ್ಲಿ, ಎರಡು ಲಾಡ್ಜುಗಳ ನಡುವೆ, ಹೊಸ ಹೋಟೆಲೊಂದು ಎದ್ದಿತ್ತು. ಯಾರದು ಎಂದು ಕೇಳಿದ್ದಕ್ಕೆ ಐತಪ್ಪನವರು ಸಾಂಬಾರಿನ ಸೌಟು ತಿರುಗಿಸುತ್ತ, ನಮ್ಮ ರೂಪೇಶನದು, ನಾವೇ ಬಂಡವಾಳ ಕೊಟ್ಟದ್ದು ಎಂದರು. ಹತ್ತು ವರ್ಷ ಇದೇ ಒಲೆಯ ಮುಂದೆ ನಿಂತವನು. ಅದೇ ಬೀದಿ. ನೀವು ಏನೂ ಕೇಳಲಿಲ್ಲವೇ ಎಂದರೆ, “ಹೋದದ್ದನ್ನು ಎಂತ ಲೆಕ್ಕ ಇಡುದು ಮಾರಾಯ್ರೆ, ಮನಸ್ಸು ಹಾಳು” ಎಂದು ಒಳಗೆ ಹೋದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ಉಣ್ಣಲು ಕುಳಿತವರ ಎಲೆ ನೋಡದೆ ಹೋದದ್ದನ್ನು ಅವಳು ಕಂಡಳು.

ಬೇಬಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಎದುರಿನ ಬೋರ್ಡನ್ನೇ ನೋಡುತ್ತಿದ್ದರು.

“ಆ ಐದು ಜನರ ಹೆಸರು ಇವರು ಬಾಯಿಬಿಟ್ಟು ಹೇಳಿದ್ರೆ ಆರನೆಯವನಿಗೆ ಹೆದರಿಕೆ ಇರ್ತಿತ್ತು ಮೇಡಂ. ಹೇಳ್ಲಿಲ್ಲ. ಮಾನ ಹೋಗುದು ಅವರದ್ದು ಅಂತ ಸುಮ್ಮನಾದ್ರು. ಈಗ ನೋಡಿ, ಗಿರಾಕಿ ಹೋಗುದು ನಮ್ಮದು.”

ರಚನಾ ಮನೆಗೆ ಬಂದವಳು ಸೀರೆ ಕೂಡ ಬದಲಿಸದೆ ಸಂಪಾದಕರಿಗೆ ಬರೆಯಲು ಕುಳಿತಳು. ಈ ಅಂಕಿಗಳು ನನ್ನವು, ನಾನು ಕೂಡಿಹಾಕಿದ್ದು, ಸಾಕ್ಷಿ ಲಗತ್ತಿಸಿದ್ದೇನೆ. ಈ ಅಂಕಿಗಳು ತಪ್ಪು, ಆ ತಪ್ಪೂ ನನ್ನದೇ. ಸಮ್ಮೇಳನದಲ್ಲಿ ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಹೊಸ ಸಮೀಕ್ಷೆ ಅರ್ಧ ಮುಗಿದಿದೆ, ಇಲ್ಲಿಯವರೆಗೆ ಎಂಟು ಸಾಲಕ್ಕೆ ಒಂದು ಬಾರದೆ ಹೋಗಿದೆ. ಕೋಷ್ಟಕವನ್ನು ಯಾರ ಕೈಗೆ ಕೊಟ್ಟಿದ್ದೆ ಎಂಬುದನ್ನೂ, ಅದು ಸುಳ್ಳೆಂದು ಅವರಿಗೆ ಯಾವ ದಿನ ತಿಳಿಸಿದೆ ಎಂಬುದನ್ನೂ ಬರೆದಳು. ಗುರುವಿನ ಹೆಸರನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಬರೆದಳು. ಹದಿನೈದು ವರ್ಷ ಪ್ರತಿ ಪ್ರಬಂಧದ ಕೊನೆಗೂ ಕೃತಜ್ಞತೆ ಎಂದು ಬರೆದ ಹೆಸರು ಅದು.

ಮೂರು ವಾರಕ್ಕೆ ಸಂದರ್ಶನ ಬಂತು. ಹೋದಳು, ದೊಡ್ಡ ಪ್ರಕಟಣೆ ಎಲ್ಲಿ ಎಂದು ಮತ್ತೆ ಕೇಳಿದರು, ಇಲ್ಲ ಎಂದು ಮತ್ತೆ ಹೇಳಿದಳು. ಈ ಸಲ ಹುದ್ದೆ ಯಾರಿಗೆ ಹೋಯಿತು ಎಂದು ವಿಚಾರಿಸಲೂ ಇಲ್ಲ. ಅದರ ಮರುದಿನ ಮಧ್ಯಾಹ್ನ ಪಾಠದಿಂದ ಬರುತ್ತಿದ್ದಾಗ ಫೋನು ಬಂತು, ವಿಶ್ವನಾಥರದು. ಪತ್ರಿಕೆಯವರು ಪ್ರಬಂಧವನ್ನು ತಡೆಹಿಡಿದು ಅವರಿಂದ ವಿವರಣೆ ಕೇಳಿದ್ದರಂತೆ. ಮೊದಲು ಅದು ಅವಳು ಕೈಬಿಟ್ಟ ಕೆಲಸ ತಾನೇ ಎಂದರು. ಆಮೇಲೆ, ಅವಳ ಹೆಸರನ್ನೂ ಸೇರಿಸುವವರಿದ್ದರಂತೆ. ಕೊನೆಗೆ ಅವರ ದನಿ ನಿಜವಾಗಿಯೇ ಒಡೆಯಿತು.

“ಒಂದು ಮಾತು, ಆ ಅಂಕಿ ತಪ್ಪು ಅಂತ ಒಂದೇ ಒಂದು ಮಾತು ನೀನು ನನಗೆ ಮೊದಲು ಹೇಳಬಹುದಿತ್ತಲ್ಲಮ್ಮ.”

“ಹೇಳಿದ್ದೆ ಸಾರ್,” ಎಂದಳು ರಚನಾ. “ನಿಮಗೇ ಮೊದಲು ಹೇಳಿದ್ದೆ.”