ಬೆಳೆಯುವ ಹುಡುಗಿಯ ಅಂಗಿ

ಅಂಪೈರ್ ಮೂರನೇ ಸಲ ಸೀಟಿ ಊದಿದಾಗ ಡ್ರಿಲ್ ಟೀಚರ್ ಹಲ್ಲು ಕಚ್ಚಿದರು. ಚೆಂಡೇನೋ ಆ ಕಡೆ ಸರಿಯಾಗಿಯೇ ಬಿದ್ದಿತ್ತು. ನೆಟ್ಟಿಗೆ ತಾಗಿದ್ದು ಹುಡುಗಿಯ ಕೈಯಲ್ಲ, ಅಂಗಿಯ ತೋಳು. ಏನು ತಾಗಿದರೂ ಪಾಯಿಂಟು ಎದುರಿನವರಿಗೆ.

ಉದ್ದಕ್ಕೆ ಬೆಳೆದ ಆ ಹುಡುಗಿಯನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಹತ್ತನೇ ತರಗತಿ ಮುಗಿಸಿದ್ದಳು. ಈ ವಾಲಿಬಾಲ್ ಆಟ ನೋಡಿ ಕಾಲೇಜಿನವರು ಇಬ್ಬರನ್ನು ಆರಿಸುತ್ತಾರೆ. ಅವರಿಗೆ ಓದು, ಹಾಸ್ಟೆಲು ಎರಡೂ ಬಿಟ್ಟಿ. ಇಲ್ಲದಿದ್ದರೆ ಏಣಿ ಅಪ್ಪನ ಟೈಲರ್ ಅಂಗಡಿಯಲ್ಲಿ ಕೂತು ಕಾಜ ಹಾಕಬೇಕು. ಮುಂದಕ್ಕೆ ಓದಿಸಲು ಆಗದು ಎಂದು ಅವನು ಮೊದಲೇ ಹೇಳಿಬಿಟ್ಟಿದ್ದ.

ತಂಡದ ಅಂಗಿಗಳನ್ನು ಹೊಲಿದವನೂ ಅವನೇ. ಐದು ಹುಡುಗಿಯರಿಗೆ ಅಳತೆಗೆ ಸರಿಯಾಗಿ ಹೊಲಿದು, ಸ್ವಂತ ಮಗಳಿಗೆ ಮಾತ್ರ ಮೊಣಕೈ ದಾಟಿ ಜೋಲುವ ತೋಳು ಇಟ್ಟಿದ್ದ. ಅಂಗಿಗಳ ಗಂಟು ತಂದುಕೊಟ್ಟದ್ದು ಆಟಕ್ಕೆ ಹತ್ತು ನಿಮಿಷ ಇರುವಾಗ.

ಬಿಡುವು ಸಿಕ್ಕ ಕೂಡಲೇ ಟೀಚರ್ ಏಣಿಯನ್ನು ಬೇಲಿಯ ಹತ್ತಿರ ಎಳೆದುಕೊಂಡು ಹೋದರು. ಅಪ್ಪ ಅಲ್ಲೇ ನಿಂತಿದ್ದ.

"ಏನ್ರೀ ಇದು, ಅಂಗಿನೋ ಗುಡಾರನೋ?"

"ಬೆಳೆಯೋ ಹುಡುಗಿ ಟೀಚರ್. ಎರಡು ವರ್ಷ ಬಾಳಿಕೆ ಬರ್ಬೇಡ್ವಾ?"

"ಕತ್ತರಿ ಇದ್ಯಾ?"

"ಇದೆ. ಹೊಸ ಬಟ್ಟೆಗೆ ಹಾಕಲ್ಲ."

"ಕೊಡಪ್ಪಾ," ಎಂದಳು ಏಣಿ.

ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡ. "ಜನ ನೋಡ್ತಿದ್ದಾರೆ. ಸುಮ್ನೆ ಹೋಗಿ ಆಡು."

ಟೀಚರ್ ಅಂಗಿಯ ತೋಳು ಹಿಡಿದು ಜಗ್ಗಿದರು. ಹರಿಯಲಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದರು. ಎರಡೆರಡು ಸಲ ಓಡಿಸಿದ ಹೊಲಿಗೆ. ಒಂದು ದಾರವೂ ಬಿಡಲಿಲ್ಲ.

"ನನ್ನ ಕೈಕೆಲಸ ಟೀಚರ್. ಅಷ್ಟು ಸುಲಭಕ್ಕೆ ಬಿಚ್ಕೊಳ್ಳಲ್ಲ," ಎಂದ ಅಪ್ಪ. ದನಿಯಲ್ಲಿ ಹೆಮ್ಮೆ ಬೇರೆ. ಟೀಚರಿಗೆ ಮೈಯೆಲ್ಲ ಉರಿದುಹೋಯಿತು.

ಅಂಗಿಯ ತೋಳನ್ನು ಮೇಲಕ್ಕೆ ಮಡಚಿಕೊಂಡು ಏಣಿ ಅಂಕಣದೊಳಗೆ ಹೋದಳು. ಒಂದು ಸಲ ಹಾರಿದ್ದೇ ತಡ, ಮಡಿಕೆ ಜಾರಿತು. ಮತ್ತೆ ಸೀಟಿ. ಆಮೇಲೆ ಅವಳು ನೆಟ್ಟಿನ ಹತ್ತಿರ ಹಾರಲೇ ಇಲ್ಲ. ಅಷ್ಟೆತ್ತರದ ಹುಡುಗಿ ನೆಲ ಬಿಡದೆ ಆಡಿದರೆ ಯಾರು ಆರಿಸುತ್ತಾರೆ?

ಆಟ ಮುಗಿದ ಮೇಲೆ ಕಾಲೇಜಿನವರು ಓದಿದ ಎರಡು ಹೆಸರಲ್ಲಿ ಅವಳದಿರಲಿಲ್ಲ. ಟೀಚರ್ ಅವರ ಹಿಂದೆ ಓಡಿದರು.

"ಬೇರೆ ಅಂಗಿ ಹಾಕಿಸ್ತೀನಿ ಸಾರ್. ಹತ್ತು ಚೆಂಡು ನೋಡಿ ಸಾಕು."

"ಪಟ್ಟಿ ಆಗೋಯ್ತಮ್ಮ. ಬಟ್ಟೆ ಸರಿಯಾಗಿದ್ಯಾ ನೋಡ್ಕೊಳ್ಳೋದು ನಿಮ್ಮ ಕೆಲಸ ಅಲ್ವಾ?"

ಹೌದು, ಅದು ಟೀಚರ್ ಕೆಲಸವೇ. ಹಿಂದಿನ ದಿನವೇ ಅಂಗಿ ತರಿಸಿ ನೋಡಬೇಕಿತ್ತು. ನೋಡಿರಲಿಲ್ಲ.

ವಾಪಸು ಬಂದಾಗ ಏಣಿ ಕೇಳಿದಳು: "ನಾಳೆ ಪ್ರಾಕ್ಟೀಸ್ ಎಷ್ಟು ಗಂಟೆಗೆ ಟೀಚರ್?"

ಶಾಲೆ ಮುಗಿಸಿದವರಿಗೆ ಪ್ರಾಕ್ಟೀಸ್ ಎಲ್ಲಿಯದು? "ಆರಕ್ಕೆ ಬಾ," ಎಂದರು ಟೀಚರ್.

"ಒಂಬತ್ತಕ್ಕೆ ಅಂಗಡಿ ತೆಗೀಬೇಕು," ಎಂದ ಅಪ್ಪ.

"ಗೊತ್ತು," ಎಂದಳು ಏಣಿ, ಅವನ ಮುಖ ನೋಡದೆ.