ಯಾವ ತುದಿ ಮೊದಲು

ನಾನು ಹೆಬ್ಬೆರಳಿನಷ್ಟು ಉದ್ದದ, ತಿಳಿ ಬಣ್ಣದ ಒಂದು ಪ್ಲಾಸ್ಟಿಕ್ ತುಂಡು. ನನಗೆ ಎರಡು ತುದಿ, ಎರಡರಲ್ಲೂ ಒಂದೊಂದು ಟೊಳ್ಳು ಮುಳ್ಳು. ಒಂದು ತುದಿಯನ್ನು ನೀರಿನ ಸೀಸೆಯ ರಬ್ಬರ್ ಮುಚ್ಚಳಕ್ಕೆ ಚುಚ್ಚಬೇಕು. ಆಮೇಲೆ ಆ ಸೀಸೆಯನ್ನು ಬೋರಲು ಹಿಡಿದು, ಇನ್ನೊಂದು ತುದಿಯನ್ನು ಪುಡಿ ಔಷಧಿಯ ಸೀಸೆಗೆ ಚುಚ್ಚಬೇಕು. ನೀರು ತಾನಾಗಿ ಇಳಿದು ಪುಡಿ ಕರಗುತ್ತದೆ, ಇಂಜೆಕ್ಷನ್ ಸಿದ್ಧವಾಗುತ್ತದೆ. ಕೆಲಸ ಇಷ್ಟೇ. ಆದರೆ ಇಷ್ಟೇ ಅನ್ನುವ ಕೆಲಸದಲ್ಲಿಯೇ ಮನುಷ್ಯರ ಕೈ ತಪ್ಪುವುದು.

ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಬಾಟಲಿ ಮುಚ್ಚಳ ಮಾಡುವ ಒಂದು ಶೆಡ್ಡಿನಲ್ಲಿ ನಾನು ಹುಟ್ಟಿದೆ. ಕಾದ ಪ್ಲಾಸ್ಟಿಕ್ ಉಕ್ಕಿನ ಅಚ್ಚಿಗೆ ನುಗ್ಗಿತು, ಅಚ್ಚು ಬಾಯಿ ತೆರೆಯಿತು, ನಾನು ತಟ್ಟೆಗೆ ಬಿದ್ದೆ. ಎತ್ತಿಕೊಂಡವರು ನನ್ನನ್ನು ರೂಪಿಸಿದ ಚೆನ್ನಂಕೇಗೌಡರು. ಮಂಡ್ಯದ ಮಳವಳ್ಳಿ ಕಡೆಯವರು, ಕೆಲಸಕ್ಕಾಗಿ ಹುಬ್ಬಳ್ಳಿಗೆ ಬಂದು ನಿಂತವರು. ನನ್ನ ಮುಳ್ಳನ್ನು ಬೆಳಕಿಗೆ ಹಿಡಿದು ನೋಡಿದರು, ಉಗುರಿನಿಂದ ಸವರಿದರು, ಮತ್ತೆ ನೋಡಿದರು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಅತ್ತೆ ಕೂಡ ಅಷ್ಟು ಅನುಮಾನದಿಂದ ನೋಡಲಾರಳು. ನಾನು ಮಾದರಿ ಮಾತ್ರ. ಜನರ ಕೈಯಲ್ಲಿ ಹೇಗೆ ನಡೆದುಕೊಳ್ಳುತ್ತೇನೆ ಎಂದು ನೋಡಿದ ಮೇಲೆಯೇ ಉಳಿದವರು ಹುಟ್ಟಬೇಕಾಗಿತ್ತು.

ಅಲ್ಲಿಂದ ಒಂದು ಆಸ್ಪತ್ರೆಗೆ ಹೋದೆ. ಅಲ್ಲಿ ನೂರ್‌ಜಹಾನ್ ಸಿಸ್ಟರ್ ನನ್ನ ಯಜಮಾನಿ. ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆಯವರಿಗೆ ಇಂಜೆಕ್ಷನ್ ಕೊಡುವುದು ಅವರ ಕೆಲಸ. ಆ ಕಾಯಿಲೆಯವರಿಗೆ ಏಟು ಬೀಳಲೇಬೇಕೆಂದಿಲ್ಲ. ಸುಮ್ಮನೆ ಕೂತಿದ್ದರೂ ಮೊಣಕಾಲಿನ ಒಳಗೆ ರಕ್ತ ಸೋರಬಹುದು. ಔಷಧಿ ಬೇಗ ಸಿಕ್ಕರೆ ಕಾಲು ಉಳಿಯುತ್ತದೆ, ತಡವಾದಷ್ಟೂ ಕೀಲು ಸವೆಯುತ್ತದೆ. ಹಾಗಾಗಿ ಮನೆಯಲ್ಲೇ ಔಷಧಿ ಕಲಸಿ ಚುಚ್ಚಲು ಕಲಿತವರಿಗೆ ಸಿಸ್ಟರು ಸೀಸೆಗಳನ್ನು ಮನೆಗೆ ಕೊಟ್ಟು ಕಳಿಸುತ್ತಿದ್ದರು. ಕಲಿಯದವರಿಗೆ ಕೊಡುತ್ತಿರಲಿಲ್ಲ. ಆ ಔಷಧಿ ಸುಲಭವಾಗಿ ಸಿಗುವಂಥದ್ದಲ್ಲ, ಒಂದು ಸೀಸೆ ಹಾಳಾದರೆ ಇನ್ನೊಬ್ಬರ ಪಾಲು ಹೋದಂತೆ.

ಶಾವಂತ್ರೆವ್ವ ನನ್ನನ್ನು ಮೊದಲು ಹಿಡಿದದ್ದು ಅಲ್ಲೇ. ನವಲಗುಂದದ ಕಡೆಯ ಒಂದು ಹಳ್ಳಿಯವಳು. ಅವಳ ತಮ್ಮ ಫಕೀರಪ್ಪ ಟೇಲರ್. ಹೊಲಿಗೆ ಮಷಿನ್ ತುಳಿದೇ ಅವನ ಬದುಕು, ಕಾಯಿಲೆಯ ಕಣ್ಣೂ ಅವನ ಬಲಮೊಣಕಾಲಿನ ಮೇಲೆಯೇ. ಅದು ಉಬ್ಬಿದಾಗಲೆಲ್ಲ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಬರಬೇಕು. ಬರುವಷ್ಟರಲ್ಲಿ ಕಾಲು ಕಲ್ಲಾಗಿರುತ್ತಿತ್ತು. ಇನ್ನು ಹೀಗೇ ನಾಲ್ಕಾರು ಸಲ ಆದರೆ ಕಾಲು ಮಡಚಲು ಬಾರದು ಎಂದು ಡಾಕ್ಟರು ಹೇಳಿದ್ದರು.

ವಿಚಿತ್ರವೆಂದರೆ ಸೂಜಿ ಅವಳನ್ನು ಹೆದರಿಸಲಿಲ್ಲ. ನರ ಹುಡುಕಿ ಚುಚ್ಚುವುದನ್ನು ಸಿಸ್ಟರು ತೋರಿಸಿದ ಕೂಡಲೇ ಕಲಿತಳು. ಅವಳು ಸೋತದ್ದು ನನ್ನ ಮುಂದೆ. ಅಭ್ಯಾಸಕ್ಕೆಂದು ಅವಧಿ ಮೀರಿದ ಸೀಸೆಗಳನ್ನು ಕೊಟ್ಟರು. ಅವಳು ನನ್ನನ್ನು ಎತ್ತಿಕೊಂಡು ನೆಟ್ಟಗೆ ಪುಡಿಯ ಸೀಸೆಗೆ ಚುಚ್ಚಿದಳು. ಪುಡಿಯ ಸೀಸೆಯೊಳಗಿನ ಗಾಳಿಯನ್ನು ಕಾರ್ಖಾನೆಯಲ್ಲೇ ಹೀರಿ ತೆಗೆದಿರುತ್ತಾರೆ, ನೀರನ್ನು ಎಳೆದುಕೊಳ್ಳುವುದು ಆ ಖಾಲಿತನವೇ. ಮೊದಲು ಅದನ್ನು ಚುಚ್ಚಿದರೆ ನನ್ನ ಮೂಲಕ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಆಮೇಲೆ ನೀರು ಇಳಿಯದು. ನೀರು ಮೇಲೆಯೇ ನಿಂತಿತು. ಅವಳು ಗಾಬರಿಯಾಗಿ ಜೋರಾಗಿ ಕುಲುಕಿದಳು, ನಾಲ್ಕು ಹನಿ ಇಳಿದು ಬರೀ ನೊರೆಯಾಯಿತು.

"ನೀರ ಇಳಿವಲ್ದಲ್ರೀ ಸಿಸ್ಟರ್" ಎಂದಳು.

ಸಿಸ್ಟರು ಬೈಯಲಿಲ್ಲ. ನೀರು ಮೊದಲು ಎಂದು ಮತ್ತೆ ಹೇಳಿಕೊಟ್ಟರು. ಅವಳು ಅದನ್ನೇ ಬಾಯಲ್ಲಿ ಹೇಳುತ್ತಾ ಮತ್ತೆ ಪುಡಿಗೇ ಚುಚ್ಚಿದಳು. ಮುಂದಿನ ವಾರವೂ ಅದೇ. ಗೌಡರು ನನ್ನ ನೀರಿನ ತುದಿಗೆ ನೀಲಿ ಬಣ್ಣ ಬಳಿದರು, ಬಾಣದ ಗುರುತು ಹಾಕಿದರು. ಸಮಾಧಾನವಾಗಿದ್ದಾಗ ಅವಳು ಸರಿಯಾಗಿಯೇ ಮಾಡುತ್ತಿದ್ದಳು. "ಈಗ ನಿಮ್ಮ ತಮ್ಮಗ ಕಾಲ ನೋಯಾಕತ್ತೈತಿ ಅಂತ ತಿಳ್ಕೊಂಡ ಮಾಡ್ರಿ" ಎಂದು ಸಿಸ್ಟರು ಅವಸರ ಹಚ್ಚಿದ ಕೂಡಲೇ ಕೈ ಪುಡಿಯ ಕಡೆಗೆ ಓಡುತ್ತಿತ್ತು. ಮನೆಗೆ ಔಷಧಿ ಕೊಡುವ ಮಾತು ಅಲ್ಲಿಗೇ ನಿಂತಿತು.

ಗೌಡರಿಗೆ ಊಟ ಸೇರದಂತಾಯಿತು. ಬೇರೆಯವರ ಕೈಯಲ್ಲಿ ಪರೀಕ್ಷಿಸಿದರು. ಆ ಕಡೆಯ ಹೆಂಗಸರಲ್ಲಿ ಬಹಳ ಮಂದಿ ಹಾಗೇ ಮಾಡಿದರು. ಕೊನೆಗೊಂದು ದಿನ ನನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಶಾವಂತ್ರೆವ್ವನ ಮನೆಗೇ ಹೋದರು. ಉಂಡು ಹೋಗಬೇಕೆಂದು ಅವಳು ಒಲೆ ಹೊತ್ತಿಸಿದಳು. ಪರಾತದಲ್ಲಿ ಜೋಳದ ಹಿಟ್ಟು ಗುಡ್ಡೆ ಹಾಕಿ, ನಡುವೆ ಗುಳಿ ಮಾಡಿ, ಕುದಿಯುವ ಎಸರನ್ನು ಆ ಗುಳಿಗೆ ಸುರಿದಳು. ಗೌಡರು ಮಾತು ನಿಲ್ಲಿಸಿ ಅವಳ ಕೈಯನ್ನೇ ನೋಡತೊಡಗಿದರು.

"ಅಕ್ಕ, ಯಾವಾಗ್ಲೂ ಹಿಟ್ಟೇ ಮೊದ್ಲಾ?"

"ಮತ್ತೇನ್ರೀ ಸಾಹೇಬ್ರ, ನೀರಿಗೆ ಹಿಟ್ಟ ಹಾಕಿದ್ರ ಅಂಟ ಆಗಲ್ಲೇನು?"

"ನಮ್ ಕಡೆ ಎಸರು ಕುದಿಯಕ್ಕಿಟ್ಟು ಆಮೇಲೆ ಹಿಟ್ಟು ಬಿಡೋದು. ಮುದ್ದೆ ಮಾಡೋದೇ ಹಂಗೆ."

ಫಕೀರಪ್ಪ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. "ಅಕ್ಕಾ, ನಿನ್ನ ಕಟಗೊಂಡ ಹ್ವಾದ್ರ ಮಂಡ್ಯಾದವ್ರು ಉಪಾಸ ಸಾಯ್ತಾರ" ಎಂದು ನಕ್ಕ. ಗೌಡರು ನಗಲಿಲ್ಲ. ನನ್ನನ್ನು ಜೇಬಿನಿಂದ ತೆಗೆದು ಬಹಳ ಹೊತ್ತು ತಿರುಗಿಸಿ ನೋಡಿದರು. ಮುದ್ದೆ ತೊಳಸುವುದನ್ನು ನೋಡಿ ಬೆಳೆದವರು ರೂಪಿಸಿದ ನಾನು ರೊಟ್ಟಿ ಬಡಿಯುವ ಕೈಗೆ ಸಿಕ್ಕಿದ್ದೆ. ಅವಸರದಲ್ಲಿ ಮನುಷ್ಯ ಕೇಳುವುದು ಪಾಠದ ಮಾತನ್ನಲ್ಲ, ಕೈಯ ಮಾತನ್ನು. ಆ ಕೈಯನ್ನು ತಿದ್ದುವುದಕ್ಕಿಂತ ನನ್ನನ್ನು ತಿದ್ದುವುದು ಸುಲಭ ಎಂದು ಗೌಡರಿಗೆ ಅಂದು ಹೊಳೆಯಿತು.

ನನ್ನ ತಮ್ಮ ಹುಟ್ಟಿದ. ಅವನ ಪುಡಿಯ ಕಡೆಯ ಮುಳ್ಳಿಗೆ ಒಂದು ಗಟ್ಟಿ ಮುಚ್ಚಳ. ನೀರಿನ ಸೀಸೆ ಇನ್ನೊಂದು ತುದಿಯಲ್ಲಿ ಟಕ್ಕೆಂದು ಕೂರುವವರೆಗೂ ಆ ಮುಚ್ಚಳ ಬಿಚ್ಚಿಕೊಳ್ಳುವುದಿಲ್ಲ. ಅವನು ಪರೀಕ್ಷೆಗಳನ್ನೆಲ್ಲ ದಾಟಿ ಆಸ್ಪತ್ರೆಗೆ ಬರಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಫಕೀರಪ್ಪನ ಕಾಲು ಮತ್ತೆ ಮತ್ತೆ ಉಬ್ಬಿತು, ಕುಂಟು ಹೆಚ್ಚಿತು. ಅಭ್ಯಾಸಕ್ಕಿರಲಿ ಎಂದು ಗೌಡರು ನನ್ನನ್ನು ಶಾವಂತ್ರೆವ್ವನ ಮನೆಯಲ್ಲೇ ಬಿಟ್ಟಿದ್ದರು. ಗೋಡೆಯ ಗೂಡಿನಲ್ಲಿ ಕೂತು ಎಲ್ಲವನ್ನೂ ನೋಡಿದೆ, ಏನೂ ಮಾಡಲಾಗಲಿಲ್ಲ.

ನನ್ನ ತಮ್ಮನನ್ನು ಹಿಡಿದು ಅವಸರದಲ್ಲೂ ಔಷಧಿ ಕಲಸಿ ತೋರಿಸಿದ ಮೇಲೆ, ಕಡೆಗೂ ಸಿಸ್ಟರು ಅವಳಿಗೆ ಔಷಧಿ ಕೊಟ್ಟರು. ಅದು ಮನೆಗೆ ಬಂದು ಕೆಲವು ದಿನಗಳಾದ ಮೇಲೆ, ಒಂದು ಬೆಳಿಗ್ಗೆ ಫಕೀರಪ್ಪ ಮಷಿನ್ ತುಳಿಯುವುದನ್ನು ನಿಲ್ಲಿಸಿದ.

"ಅಕ್ಕಾ, ಮೊಣಕಾಲ ಜುಮುಜುಮು ಅನ್ನಾಕತ್ತೈತಿ."

ರಕ್ತ ಸೋರಲು ಹೊರಟಾಗ ಮೊದಲು ಹಾಗೇ ಆಗುವುದು. ಶಾವಂತ್ರೆವ್ವ ಸೋಪು ಹಚ್ಚಿ ಕೈ ತೊಳೆದು, ಸೀಸೆಗಳನ್ನು ಇಟ್ಟು, ಹೊಸ ಪೊಟ್ಟಣ ಹರಿದಳು. ನನ್ನ ತಮ್ಮನನ್ನು ಹಿಡಿದ ಅವಳ ಕೈ ನೆಟ್ಟಗೆ ಪುಡಿಯ ಸೀಸೆಗೆ ಹೋಯಿತು. ಕೂಗಲು ನನಗೆ ಬಾಯಿಲ್ಲ.

ಮುಳ್ಳು ಇಳಿಯಲಿಲ್ಲ. ಅವಳು ಒತ್ತಿದಳು. ಅವನು ಬಗ್ಗಲಿಲ್ಲ. ಅವಳ ಕೈ ಅಲ್ಲೇ ನಿಂತಿತು, ನೀರು ಮೊದಲು ಎಂದು ತುಟಿ ಅಲುಗಿತು. ಅವನನ್ನು ತಿರುಗಿಸಿ ನೀರಿನ ಸೀಸೆಗೆ ಒತ್ತಿದಳು. ಟಕ್ ಎಂದಿತು. ಬೋರಲು ಹಿಡಿದು ಪುಡಿಗೆ ಕೂರಿಸಿದಳು. ನೀರು ಸರ್ರನೆ ಇಳಿಯಿತು. ಅಂಗೈಯಲ್ಲಿ ಸೀಸೆಯನ್ನು ಮೆಲ್ಲಗೆ ಸುತ್ತಿಸಿದಳು, ನೊರೆ ಬರಲಿಲ್ಲ. ಫಕೀರಪ್ಪನ ತೋಳಿಗೆ ಚುಚ್ಚಿ ಮುಗಿಯುವವರೆಗೂ ಅವಳ ಕೈ ಗಟ್ಟಿಯಾಗಿತ್ತು. ಆಮೇಲೆ ನೆಲಕ್ಕೆ ಕೂತಳು.

"ಕಾಲ ಮಡಚು, ನೋಡೂಣು" ಎಂದಳು.

ಅವನು ಮಡಚಿದ.

ಕುಂಟು ಹೋಗಿಲ್ಲ, ಹೋದ ಕೀಲು ಮರಳುವುದಿಲ್ಲ. ಹೆಚ್ಚಾಗುವುದು ಮಾತ್ರ ನಿಂತಿದೆ. ಈಗ ನಾನು ಹಳಬ. ಮೈ ಹಳದಿಗಟ್ಟಿದೆ, ಮುಳ್ಳು ಮೊಂಡಾಗಿದೆ. ನನ್ನ ತಮ್ಮಂದಿರ ಆಯುಷ್ಯ ಒಂದು ಸೀಸೆಯ ನೀರು ಇಳಿಯುವಷ್ಟು, ಆಮೇಲೆ ಕಸದ ಡಬ್ಬಿ. ನಾನು ಇಷ್ಟು ಕಾಲ ಬಾಳಿದ್ದು ನಿಜವಾದ ಔಷಧಿಯನ್ನು ಯಾರೂ ನನ್ನ ಕೈಗೆ ಕೊಡದಿದ್ದರಿಂದ. ಅದಕ್ಕೆ ಬೇಸರವಿಲ್ಲ. ಆದರೆ ನೆಮ್ಮದಿಯೂ ಇಲ್ಲ. ಪೊಟ್ಟಣ ಹರಿಯುವ ಸದ್ದಾದಾಗಲೆಲ್ಲ, ನನ್ನ ತಮ್ಮ ಬಿಟ್ಟುಕೊಡುವುದಿಲ್ಲ ಎಂದು ಗೊತ್ತಿದ್ದರೂ, ಅವಳ ಕೈ ಯಾವ ಸೀಸೆಯ ಕಡೆಗೆ ಹೊರಟಿತು ಎಂದು ಗೂಡಿನಿಂದ ನೋಡುತ್ತಲೇ ಇರುತ್ತೇನೆ.